ಕಲಿಯುತ್ತಿರುವ ವೈದ್ಯರ ಕೈಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಎಷ್ಟು ಕ್ಷೇಮ?



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ಸಂಖ್ಯೆ, ಹೆರಿಗೆಗಳ ನಡುವಣ ಅಂತರ, ಗರ್ಭಿಣಿಯ ಆರೈಕೆ, ಶಿಶುವಿನ ಚುಚ್ಚುಮದ್ದು ಇವೇ ನಿಮ್ಮ ನೆನಪಿಗೆ ಬರುವುದು ಸಹಜ. ಈ ಪುಟಗಳಲ್ಲಿ ನಾನು ನಿಮ್ಮ ಮನೆಯ ಹಿರಿಯರ ಕಣ್ಣಿನ ವಿಷಯವನ್ನು ಹೇಳಬೇಕೆಂದಿದ್ದೇನೆ. ಅತ್ತೆಯ ಅಥವಾ ಮಾವನ ದೃಷ್ಟಿ ಮಂಜಾದರೆ ಆ ಭಾರವು ಮೊದಲು ಬೀಳುವುದು ನಿಮ್ಮಿಬ್ಬರ ಮೇಲೆಯೇ. ಸೊಸೆಯು ಕೂಲಿಯನ್ನು ಬಿಟ್ಟು ಮನೆಯಲ್ಲಿ ಉಳಿಯಬೇಕಾಗುತ್ತದೆ. ಇಲ್ಲವೆ ಮೊಮ್ಮಗಳು ಶಾಲೆ ತಪ್ಪಿಸಿ ಅಜ್ಜಿಯ ಕೈಹಿಡಿದು ನಡೆಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಬೇಕೆ, ಎಲ್ಲಿ ಮಾಡಿಸಬೇಕು, ಯಾವಾಗ ಮಾಡಿಸಬೇಕು ಎಂಬುದನ್ನು ತೀರ್ಮಾನಿಸುವವರೂ ನೀವೇ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ತಿರುಗಾಡುವಾಗ ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ. ಅದನ್ನು ಮೊದಲು ಕೇಳಿದವರು ಮಾಗಡಿ ತಾಲ್ಲೂಕಿನ ಒಬ್ಬ ರೈತ ಹಾಗೂ ಅವರ ಪತ್ನಿ. ಆ ರೈತರ ತಾಯಿಗೆ ಎರಡು ಕಣ್ಣಿನಲ್ಲಿಯೂ ಪೊರೆ ಬಂದಿತ್ತು. ತಪಾಸಣಾ ಶಿಬಿರದಲ್ಲಿ ಪರೀಕ್ಷಿಸಿ, ಬೆಂಗಳೂರಿನ ಒಂದು ಬೋಧನಾ ಆಸ್ಪತ್ರೆಗೆ ಹೋಗುವಂತೆ ಚೀಟಿ ಬರೆದುಕೊಡಲಾಗಿತ್ತು. ದಂಪತಿಗಳು ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು.

"ಅಲ್ಲಿ ಓದೋ ಹುಡುಗ್ರು ಕೈ ಪಳಗಿಸ್ಕೊಳ್ಳಾಕೆ ಬಡವರ ಕಣ್ಣು ಕುಯ್ತಾರಂತೆ. ನೀವೇ ಯೋಳಿ ಡಾಕ್ಟ್ರೇ, ನಿಮ್ಮವ್ವ ಆಗಿದ್ರೆ ಕಳಿಸ್ತಿದ್ರಾ?"

ಹೊರಗೆ ರೋಗಿಗಳ ಸಾಲು ನಿಂತಿತ್ತು. "ಏನೂ ಭಯವಿಲ್ಲ, ಧೈರ್ಯವಾಗಿ ಕರೆದುಕೊಂಡು ಹೋಗಿ" ಎಂದು ಹೇಳಿ ಕಳುಹಿಸಿದೆ. ಅವರು ಹೋಗಲಿಲ್ಲ. ಒಂದು ವರ್ಷ ಕಳೆದ ಮೇಲೆ ಒಂದು ರಾತ್ರಿ ಆ ತಾಯಿಗೆ ಬಲಗಣ್ಣಿನಲ್ಲಿ ತಡೆಯಲಾರದ ನೋವು, ಕೆಂಪು, ತಲೆನೋವು, ವಾಂತಿ ಕಾಣಿಸಿಕೊಂಡವು. ಪೊರೆಯು ಬಲಿತು ಊದಿಕೊಂಡು ಕಣ್ಣಿನೊಳಗಿನ ಒತ್ತಡ ಏರಿತ್ತು. ಎರಡು ದಿನ ಮನೆಮದ್ದು ಮಾಡಿ ಮೂರನೆಯ ದಿನ ಆಸ್ಪತ್ರೆಗೆ ಬರುವ ವೇಳೆಗೆ ದೃಷ್ಟಿಯ ನರ ಹಾಳಾಗಿತ್ತು. ಆ ಕಣ್ಣು ಮತ್ತೆ ಬರಲಿಲ್ಲ. ಅವರು ಕೇಳಿದ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ನಾನು ಕೊಟ್ಟದ್ದು ಉತ್ತರವಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ. ನಾನು ಕಣ್ಣಿನ ತಜ್ಞನಲ್ಲ, ಎಂ.ಬಿ.ಬಿ.ಎಸ್. ಮುಗಿಸಿದ ಸಾಮಾನ್ಯ ವೈದ್ಯ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಪೊರೆ ಎಂದರೇನು?

ನಮ್ಮ ಕಣ್ಣಿನ ಕಪ್ಪು ಪಾಪೆಯ ಹಿಂದೆ ತಿಳಿಯಾದ ಒಂದು ಮಸೂರವಿದೆ. ಬೆಳಕು ಅದರ ಮೂಲಕ ಹಾದು ಕಣ್ಣಿನ ಹಿಂಭಾಗದ ಪರದೆಯ ಮೇಲೆ ಬೀಳುತ್ತದೆ. ವಯಸ್ಸಾದಂತೆ ಈ ಮಸೂರವು ಮಬ್ಬಾಗುತ್ತದೆ. ಇದೇ ಪೊರೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ, ಕೀಲುನೋವಿಗೆಂದು ಸ್ಟೀರಾಯ್ಡ್ ಬೆರೆತ ಹೆಸರಿಲ್ಲದ ಪುಡಿಗಳನ್ನು ಬಹುಕಾಲ ನುಂಗಿದವರಿಗೆ ಇದು ಬೇಗನೆ ಬರುತ್ತದೆ. ಪೊರೆಯನ್ನು ಕರಗಿಸುವ ಹನಿಯೌಷಧ ಇದುವರೆಗೆ ಇಲ್ಲ. ಮಬ್ಬಾದ ಮಸೂರವನ್ನು ತೆಗೆದು ಅದರ ಸ್ಥಳದಲ್ಲಿ ಕೃತಕ ಮಸೂರವನ್ನು ಇಡುವುದೊಂದೇ ದಾರಿ.

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 50 ವರ್ಷ ಮೀರಿದ ಅಂಧರಲ್ಲಿ ನೂರಕ್ಕೆ 66 ಮಂದಿಗೆ ಚಿಕಿತ್ಸೆ ಮಾಡಿಸದ ಪೊರೆಯೇ ಕಾರಣ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ಅದನ್ನು ನಮ್ಮ ಭಿತ್ತಿಪತ್ರಗಳಲ್ಲಿ ಸಾಮಾನ್ಯವಾಗಿ ಅಚ್ಚು ಹಾಕುವುದಿಲ್ಲ. ನೂರಕ್ಕೆ 7 ಮಂದಿಯ ಅಂಧತ್ವಕ್ಕೆ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಉಂಟಾದ ತೊಡಕುಗಳು ಕಾರಣವಾಗಿದ್ದವು. ಈ ಎರಡು ಅಂಕಿಗಳನ್ನೂ ಒಟ್ಟಿಗೆ ನೋಡಿರಿ. ಶಸ್ತ್ರಚಿಕಿತ್ಸೆ ಮಾಡಿಸದೆ ಕಣ್ಣು ಕಳೆದುಕೊಂಡವರು, ಮಾಡಿಸಿಕೊಂಡು ಕಳೆದುಕೊಂಡವರಿಗಿಂತ ಒಂಬತ್ತು ಪಟ್ಟು ಹೆಚ್ಚು. ಆದರೆ ಎರಡನೆಯ ಅಂಕಿಯೂ ಸೊನ್ನೆಯಲ್ಲ. ನಿಮ್ಮ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳುವುದು ಆದುದರಿಂದ ಸರಿಯಲ್ಲ.

ಹಿಂದಿನ ಕಾಲದ ನೆನಪು

ಊರಿನ ಹಿರಿಯರನ್ನು ಕೇಳಿದರೆ ಡಾ. ಎಂ. ಸಿ. ಮೋದಿಯವರ ಹೆಸರನ್ನು ಹೇಳುತ್ತಾರೆ. ಶಾಲೆಗಳಲ್ಲಿ, ಛತ್ರಗಳಲ್ಲಿ ಶಿಬಿರ ಹೂಡಿ ಒಂದೇ ದಿನದಲ್ಲಿ ನೂರಾರು ಮಂದಿಗೆ ಪೊರೆ ತೆಗೆಯುತ್ತಿದ್ದ ಆ ಮಹನೀಯರಿಗೆ 1968ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. 2005ರಲ್ಲಿ ಅವರು ತೀರಿಕೊಂಡರು. ಅವರ ಕಾಲದ ಪದ್ಧತಿಯಲ್ಲಿ ಮಸೂರವನ್ನು ಅದರ ಚೀಲದ ಸಮೇತ ಹೊರತೆಗೆಯುತ್ತಿದ್ದರು. ಒಳಗೆ ಬದಲಿ ಮಸೂರವನ್ನು ಇಡುತ್ತಿರಲಿಲ್ಲ. ಆದ್ದರಿಂದಲೇ ಅಜ್ಜಂದಿರು 'ಸೋಡಾ ಬುಡ್ಡಿ' ಕನ್ನಡಕ ಹಾಕಿಕೊಳ್ಳಬೇಕಾಗುತ್ತಿತ್ತು. ಪೊರೆ 'ಹಣ್ಣಾಗುವ' ತನಕ ಕಾಯಬೇಕೆಂಬ ಮಾತೂ ಆ ಕಾಲದ್ದೇ. ಈಗ ಕಾಯಬೇಕಾಗಿಲ್ಲ, ಕಾಯುವುದು ಕೇಡು. ಬಯಲಿನಲ್ಲಿ, ಶಾಲೆಯ ಕೊಠಡಿಯಲ್ಲಿ ಕೊಯ್ಯುವ ಪದ್ಧತಿಯೂ ಈಗಿಲ್ಲ. ಶಿಬಿರಗಳಲ್ಲಿ ತಪಾಸಣೆ ಮಾತ್ರ ನಡೆಯುತ್ತದೆ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು.

ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. 1896ರಲ್ಲಿ ಚಿಕ್ಕದಾಗಿ ಆರಂಭವಾದ ಅದು 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದಿತು. ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ ಆ ಆಸ್ಪತ್ರೆ ಬೋಧನಾ ಆಸ್ಪತ್ರೆಯೂ ಹೌದು. ಕಣ್ಣಿನ ವೈದ್ಯರಾಗುವವರು ಅಲ್ಲಿ ಕಲಿಯುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಬಹುಪಾಲು ಹೀಗೆಯೇ. ಕಲಿಯುವವರು ಇಲ್ಲದ ದೊಡ್ಡ ಆಸ್ಪತ್ರೆಯನ್ನು ಹುಡುಕಿಕೊಂಡು ಹೊರಟರೆ ದಾರಿ ಬಹಳ ದೂರವಾದೀತು.

'ಓದುವ ಹುಡುಗರು' ಯಾರು?

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಇದೆ. ಕಣ್ಣಿಗೆ ಕತ್ತರಿ ಹಿಡಿಯುವವರು ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರಲ್ಲ. ಅವರು ನಾಲ್ಕೂವರೆ ವರ್ಷ ಎಂ.ಬಿ.ಬಿ.ಎಸ್. ಓದಿ, ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದು, ವೈದ್ಯರೆಂದು ನೋಂದಣಿಯಾದವರು. ಅನಂತರ ಕಣ್ಣಿನ ವಿಭಾಗದಲ್ಲಿ ಮೂರು ವರ್ಷದ ಎಂ.ಎಸ್. ಪದವಿಗೆ ಸೇರಿರುತ್ತಾರೆ. ಅಂದರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತಿರುವ ನನಗಿಂತ ಅವರಿಗೆ ಕಣ್ಣಿನ ವಿಷಯ ಹೆಚ್ಚು ಗೊತ್ತು.

ಆದರೂ ಅವರು ಕಲಿಯುತ್ತಿರುವವರೇ, ಅದರಲ್ಲಿ ಮುಚ್ಚುಮರೆ ಏಕೆ? ಚನ್ನಪಟ್ಟಣದ ಬೊಂಬೆ ಕೆಲಸದವರನ್ನು ನೋಡಿರಿ. ಹೊಸಬನಿಗೆ ಮೊದಲ ದಿನವೇ ಒಳ್ಳೆಯ ಆಲೆ ಮರವನ್ನು ಕೊಟ್ಟು ತಿರುಗುವ ಯಂತ್ರದ ಮುಂದೆ ಕೂರಿಸುವುದಿಲ್ಲ. ಮೊದಲು ಉಳಿ ಹಿಡಿಯುವುದು, ಆಮೇಲೆ ಚೂರು ಮರದಲ್ಲಿ ಉರುಟು ತೆಗೆಯುವುದು, ಕೈ ನಿಂತ ಮೇಲೆ ಅರಗು ಬಳಿಯುವುದು. ಬೊಂಬೆ ಒಡೆದರೆ ಇನ್ನೊಂದು ಮರದ ತುಂಡು ಸಿಗುತ್ತದೆ. ಕಣ್ಣಿಗೆ ಆ ಸೌಕರ್ಯವಿಲ್ಲದ ಕಾರಣ ಕಲಿಸುವ ಕ್ರಮವು ಇನ್ನೂ ಕಟ್ಟುನಿಟ್ಟಾಗಿರಬೇಕು.

ಕಲಿಯುವ ವೈದ್ಯರು ಮೊದಲು ಕಸಾಯಿಖಾನೆಯಿಂದ ತಂದ ಮೇಕೆಯ ಕಣ್ಣಿನ ಮೇಲೆ ಅಭ್ಯಾಸ ಮಾಡುತ್ತಾರೆ. ಕೆಲವು ಕಡೆ ಕೃತಕ ಕಣ್ಣಿನ ಯಂತ್ರಗಳೂ ಬಂದಿವೆ. ತಿಂಗಳುಗಟ್ಟಲೆ ಹಿರಿಯರ ಪಕ್ಕದಲ್ಲಿ ನಿಂತು ನೋಡುತ್ತಾರೆ. ಬಳಿಕ ಶಸ್ತ್ರಚಿಕಿತ್ಸೆಯನ್ನು ಹೆಜ್ಜೆಗಳಾಗಿ ಬಿಡಿಸಿ, ಸುಲಭವಾದ ಹೆಜ್ಜೆಯನ್ನು ಮೊದಲು ಕೊಡುತ್ತಾರೆ. ಹಿರಿಯರು ಕಷ್ಟದ ಭಾಗವನ್ನೆಲ್ಲ ತಾವೇ ಮುಗಿಸಿ, ಹೊಸ ಮಸೂರವನ್ನು ಒಳಗೆ ಕೂರಿಸುವುದನ್ನೋ ದ್ರವವನ್ನು ತೊಳೆಯುವುದನ್ನೋ ಕಿರಿಯರಿಗೆ ಬಿಡುವುದುಂಟು. ಅದು ಹತ್ತಾರು ಸಲ ಸರಿಯಾಗಿ ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕಕ್ಕೆ ಎರಡು ಜೊತೆ ಕಣ್ಣುಗೂಡುಗಳಿರುತ್ತವೆ. ಕಿರಿಯರು ನೋಡುವುದನ್ನೇ ಅದೇ ಕ್ಷಣದಲ್ಲಿ ಹಿರಿಯರೂ ನೋಡುತ್ತಿರುತ್ತಾರೆ. ಕೈ ತಪ್ಪುವ ಸೂಚನೆ ಕಂಡರೆ ಉಪಕರಣವನ್ನು ತಾವು ತೆಗೆದುಕೊಳ್ಳುತ್ತಾರೆ. ಹಿರಿಯರು ಪಕ್ಕದಲ್ಲಿ ಇದ್ದಾರೆಯೇ ಇಲ್ಲವೇ ಎಂಬುದರ ಮೇಲೆ ನಿಮ್ಮವರ ಕ್ಷೇಮವು ಬಹುಮಟ್ಟಿಗೆ ನಿಂತಿದೆ. ಕಿರಿಯರು ಮಾಡುತ್ತಾರೆಯೇ ಎಂದು ವಿಚಾರಿಸುವುದಕ್ಕಿಂತ ಹಿರಿಯರು ಎಲ್ಲಿರುತ್ತಾರೆ ಎಂದು ವಿಚಾರಿಸುವುದು ಜಾಣತನ.

ತೊಡಕು ಎಲ್ಲಿ ಆಗುತ್ತದೆ?

ಮಸೂರವು ಒಂದು ತೆಳುವಾದ ಚೀಲದೊಳಗೆ ಇರುತ್ತದೆ. ಈಗಿನ ಪದ್ಧತಿಯಲ್ಲಿ ಚೀಲದ ಮುಂಭಾಗದಲ್ಲಿ ದುಂಡಗೆ ಕಿಂಡಿ ಮಾಡಿ, ಮಬ್ಬಾದ ತಿರುಳನ್ನು ಹೊರತೆಗೆದು, ಉಳಿದ ಅದೇ ಚೀಲದೊಳಗೆ ಹೊಸ ಮಸೂರವನ್ನು ಕೂರಿಸುತ್ತಾರೆ. ಚೀಲದ ಹಿಂಬದಿಯ ಪದರವು ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ಮಾತ್ರ ದಪ್ಪ. ರೇಷ್ಮೆ ನೂಲು ಬಿಚ್ಚುವ ಕೆಲಸ ಬಲ್ಲವರಿಗೆ ಹೇಳುವುದಾದರೆ, ಗೂಡಿನಿಂದ ಬರುವ ಒಂಟಿ ಎಳೆಗಿಂತಲೂ ತೆಳು. ಬಿಸಿನೀರಿನ ತೊಟ್ಟಿಯಲ್ಲಿ ಎಳೆಯ ತುದಿಯನ್ನು ಹಿಡಿಯುವುದಕ್ಕೆ ಎಷ್ಟು ದಿನ ಕಲಿಯಬೇಕು ಎಂಬುದು ರಾಮನಗರ, ಕನಕಪುರದ ಹೆಣ್ಣುಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ.

ಈ ಹಿಂಬದಿ ಪದರ ಹರಿಯುವುದೇ ಮುಖ್ಯವಾದ ತೊಡಕು. ಹರಿದರೆ ಕಣ್ಣಿನ ಹಿಂಭಾಗದಲ್ಲಿರುವ ಅಂಟುದ್ರವ ಮುಂದಕ್ಕೆ ಬರಬಹುದು, ಕೆಲವೊಮ್ಮೆ ಪೊರೆಯ ಚೂರು ಹಿಂದಕ್ಕೆ ಬೀಳಬಹುದು. ಹೀಗಾದ ಮಾತ್ರಕ್ಕೆ ಕಣ್ಣು ಹೋಯಿತೆಂದು ತಿಳಿಯಬಾರದು. ಕೂಡಲೇ ಗುರುತಿಸಿ ಸರಿಯಾಗಿ ನಿಭಾಯಿಸಿದರೆ ಹೆಚ್ಚಿನವರಿಗೆ ಒಳ್ಳೆಯ ದೃಷ್ಟಿಯೇ ಬರುತ್ತದೆ. ಹೊಸ ಮಸೂರವನ್ನು ಬೇರೆ ರೀತಿಯಲ್ಲಿ ಇಡಬೇಕಾದೀತು, ಎರಡನೆಯ ಸಲ ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋಗಬೇಕಾದೀತು, ಗುಣವಾಗಲು ಹೆಚ್ಚು ದಿನ ಹಿಡಿದೀತು.

ಅಂಕಿಗಳು ಹೇಳುವುದೇನು?

ತಮಿಳುನಾಡಿನ ಮಧುರೆಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆ ಇದೆ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 11 ಹಾಸಿಗೆಗಳಿಂದ ಅದನ್ನು ಆರಂಭಿಸಿದರು. (ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಿಗೇ ಕತ್ತರಿ ಹಿಡಿಯುವುದನ್ನು ಮತ್ತೆ ಕಲಿಸಿ ಅವರು ಒಂದು ಲಕ್ಷಕ್ಕೂ ಮೀರಿ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು.) ಅದು ದೊಡ್ಡ ಬೋಧನಾ ಸಂಸ್ಥೆಯೂ ಆಗಿದೆ. ಅಲ್ಲಿನ ವೈದ್ಯರು ಒಂದು ವರ್ಷದ ಅವಧಿಯಲ್ಲಿ ನಡೆದ 79,777 ಪೊರೆ ಶಸ್ತ್ರಚಿಕಿತ್ಸೆಗಳ ದಾಖಲೆಯನ್ನು ಯಾರು ಮಾಡಿದರು ಎಂಬುದರಂತೆ ವಿಂಗಡಿಸಿ 2012ರಲ್ಲಿ ಪ್ರಕಟಿಸಿದರು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ.

ಅಲ್ಲಿನ ಖಾಯಂ ತಜ್ಞರು ಮಾಡಿದ ಸಾವಿರ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು 8ರಲ್ಲಿ ತೊಡಕಾಗಿತ್ತು. ಪದವಿ ಮುಗಿಸಿ ಹೆಚ್ಚಿನ ತರಬೇತಿ ಪಡೆಯುತ್ತಿದ್ದವರಲ್ಲಿ ಸಾವಿರಕ್ಕೆ 12. ಪದವಿಗಾಗಿ ಓದುತ್ತಿದ್ದ ಕಿರಿಯ ವೈದ್ಯರಲ್ಲಿ ಸಾವಿರಕ್ಕೆ ಸುಮಾರು 20. ಬೇರೆ ಊರುಗಳಿಂದ ಬಂದು ತರಬೇತಿ ಪಡೆಯುತ್ತಿದ್ದವರಲ್ಲಿ ಸಾವಿರಕ್ಕೆ 50.

ಈ ಅಂಕಿಗಳನ್ನು ನಾನು ಮೆದುಗೊಳಿಸಿ ಹೇಳುವುದಿಲ್ಲ. ಪದವಿಗಾಗಿ ಓದುತ್ತಿರುವವರ ಕೈಯಲ್ಲಿ ತೊಡಕು ಹಿರಿಯರ ಕೈಯಲ್ಲಿ ಆಗುವುದರ ಎರಡೂವರೆ ಪಟ್ಟು. ನೆರೆಯವರು ಹೇಳಿದ ಮಾತಿನಲ್ಲಿ ಅಷ್ಟು ಸತ್ಯವಿದೆ. ಆದರೆ ಇನ್ನೊಂದು ಬದಿಯಿಂದ ನೋಡಿದರೆ, ಅದೇ ಕಿರಿಯರ ಕೈಯಲ್ಲಿ ಸಾವಿರದಲ್ಲಿ 980 ಕಣ್ಣುಗಳು ಯಾವ ತೊಡಕೂ ಇಲ್ಲದೆ ಮುಗಿದವು. ತೊಡಕಾದ ಇಪ್ಪತ್ತರಲ್ಲಿಯೂ ಬಹುಪಾಲು ಮಂದಿಗೆ ದೃಷ್ಟಿ ಉಳಿಯುತ್ತದೆ. ಎಲ್ಲ ವೈದ್ಯರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಮತ್ತೊಮ್ಮೆ ಸರಿಪಡಿಸುವ ಶಸ್ತ್ರಚಿಕಿತ್ಸೆ ಬೇಕಾದದ್ದು ಸಾವಿರದಲ್ಲಿ 7 ಮಂದಿಗೆ.

ಆ ಲೆಕ್ಕದಲ್ಲಿ ಇನ್ನೂ ಒಂದು ವಿಷಯ ಹೊರಬಿತ್ತು. ಈಗ ಎರಡು ಪದ್ಧತಿಗಳು ಹೆಚ್ಚಾಗಿ ಬಳಕೆಯಲ್ಲಿವೆ. ಒಂದರಲ್ಲಿ ಆರೇಳು ಮಿಲಿಮೀಟರ್ ಅಗಲದ ಸುರಂಗದಂಥ ಸಣ್ಣ ಗಾಯ ಮಾಡಿ ಪೊರೆಯ ತಿರುಳನ್ನು ಇಡಿಯಾಗಿ ಹೊರಕ್ಕೆ ಜಾರಿಸುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಇನ್ನೊಂದು ಫೇಕೋ; ಅದರಲ್ಲಿ ಇನ್ನೂ ಚಿಕ್ಕ ಗಾಯದ ಮೂಲಕ ಯಂತ್ರದ ಕಂಪನದಿಂದ ತಿರುಳನ್ನು ಪುಡಿಮಾಡಿ ಹೀರುತ್ತಾರೆ. ನಮ್ಮ ಜನ ಇದನ್ನು 'ಲೇಸರ್ ಆಪರೇಷನ್' ಎನ್ನುತ್ತಾರೆ. ಅದು ಲೇಸರ್ ಅಲ್ಲ, ಶಬ್ದತರಂಗ. ನುರಿತವರ ಕೈಯಲ್ಲಿ ಎರಡೂ ಸಮನಾಗಿಯೇ ಕ್ಷೇಮ. ಕಲಿಯುವವರ ಕೈಯಲ್ಲಿ ಹಾಗಲ್ಲ. ಮಧುರೆಯ ದಾಖಲೆಯಲ್ಲಿ ತರಬೇತಿಯವರು ಸಣ್ಣ ಗಾಯದ ಕೈಪದ್ಧತಿಯಲ್ಲಿ ಮಾಡಿದಾಗ ಸಾವಿರಕ್ಕೆ 15 ತೊಡಕು, ಫೇಕೋ ಮಾಡಿದಾಗ 48. ಆದುದರಿಂದ ಬೋಧನಾ ಆಸ್ಪತ್ರೆಯಲ್ಲಿ ನಿಮ್ಮವರಿಗೆ 'ಯಂತ್ರದ ಆಪರೇಷನ್' ಮಾಡಲಿಲ್ಲವೆಂದು, ಬಡವರೆಂದು ಕೀಳಾದುದನ್ನು ಮಾಡಿದರೆಂದು ಕೊರಗಬೇಡಿ. ಕಿರಿಯರ ಕೈಗೆ ಅದೇ ಹೆಚ್ಚು ಹೊಂದುವ ಪದ್ಧತಿ.

ಸೋಂಕಿನ ಮಾತು ಬೇರೆ. ಮಧುರೆಯ ದಾಖಲೆಯಲ್ಲಿ ಕಣ್ಣಿನೊಳಗೆ ಸೋಂಕು ಆದದ್ದು ಹತ್ತು ಸಾವಿರಕ್ಕೆ 4 ಮಂದಿಗೆ. ಆದರೆ ಸೋಂಕು ತಗುಲಿದರೆ ಕಣ್ಣು ಬೇಗನೆ ಹಾಳಾಗುತ್ತದೆ. 2019ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂದೇ ದಿನ ಪೊರೆ ತೆಗೆಸಿಕೊಂಡ ಹಲವರಿಗೆ ಸೋಂಕಾಗಿ ದೃಷ್ಟಿ ಹೋದ ಸುದ್ದಿಯನ್ನು ನೀವು ಕೇಳಿರಬಹುದು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಒಂದು ದ್ರವದಲ್ಲಿ ರೋಗಾಣುಗಳು ಕಂಡುಬಂದವೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಅಂಥ ಅನಾಹುತಕ್ಕೆ ಕೈ ಹೊಸದೋ ಹಳೆಯದೋ ಎಂಬ ಭೇದವಿಲ್ಲ. ಔಷಧ, ಉಪಕರಣ, ಕೊಠಡಿಯ ಶುದ್ಧತೆಗಳೇ ಅಲ್ಲಿ ಮುಖ್ಯ. ಅತ್ಯಂತ ಅನುಭವಿಯೂ ಕೆಟ್ಟ ದ್ರವದ ಮುಂದೆ ನಿರುಪಾಯರು.

ಯಾವ ಕಣ್ಣು ಕಲಿಯುವವರಿಗೆ ತಕ್ಕುದಲ್ಲ?

ಇದನ್ನು ದಯವಿಟ್ಟು ಗಮನವಿಟ್ಟು ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ. ಕೆಲವು ಕಣ್ಣುಗಳನ್ನು ಹಿರಿಯರೇ ಮಾಡತಕ್ಕದ್ದು. ಒಂದು ಕಣ್ಣು ಈಗಾಗಲೇ ಹೋಗಿ, ಉಳಿದಿರುವ ಒಂದೇ ಕಣ್ಣಿಗೆ ಪೊರೆ ಬಂದವರು ಇದರಲ್ಲಿ ಮೊದಲಿಗರು. ಆ ಮಾಗಡಿಯ ತಾಯಿಗೆ ಎಡಗಣ್ಣಿನ ಪೊರೆ ತೆಗೆಯುವಾಗ ನಾನು ಚೀಟಿಯಲ್ಲಿ 'ಒಂದೇ ಕಣ್ಣು' ಎಂದು ಕೆಂಪು ಶಾಯಿಯಲ್ಲಿ ಬರೆದೆ. ವಿಭಾಗದ ಮುಖ್ಯಸ್ಥರೇ ಮಾಡಿದರು. ಆಕೆ ಈಗ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ.

ಪೆಟ್ಟು ಬಿದ್ದು ಪೊರೆ ಬಂದ ಕಣ್ಣೂ ಕಷ್ಟದ್ದು. ಬೊಂಬೆ ಯಂತ್ರದಿಂದ ಮರದ ಚಕ್ಕೆ ಸಿಡಿದವರು, ಕನಕಪುರದ ಕಡೆ ಕಲ್ಲು ಒಡೆಯುವಾಗ ಚೂರು ಹಾರಿದವರು, ಬಾಲ್ಯದಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ತಗುಲಿದವರು ಆ ಸಂಗತಿಯನ್ನು ಹಳೆಯದೆಂದು ಬಿಡದೆ ವೈದ್ಯರಿಗೆ ಹೇಳಬೇಕು. ಮಸೂರವನ್ನು ಹಿಡಿದಿರುವ ನೂಲುಗಳು ಆಗಲೇ ಸಡಿಲವಾಗಿರಬಹುದು. ಪಾಪೆ ಹಿಗ್ಗದ ಕಣ್ಣು, ಒತ್ತಡದ ಕಾಯಿಲೆಯಿರುವ ಕಣ್ಣು, ಬಲಿತು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ ಕಲ್ಲಿನಂತಾದ ಪೊರೆ, ಇವೂ ಹಾಗೆಯೇ. ಮಕ್ಕಳ ಪೊರೆಯಂತೂ ಪೂರ್ತಿ ಬೇರೆಯೇ ವಿಷಯ. ಎಳೆಯ ಮಗುವಿನ ಪಾಪೆ ಬೆಳ್ಳಗೆ ಕಂಡರೆ ಒಂದು ವಾರವನ್ನೂ ಕಳೆಯದೆ ಮಕ್ಕಳ ಕಣ್ಣಿನ ತಜ್ಞರಲ್ಲಿಗೆ ಕರೆದೊಯ್ಯಬೇಕು.

ಮೇಲಿನ ಪಟ್ಟಿಯಲ್ಲಿ ಬಲಿತ ಪೊರೆಯೂ ಸೇರಿರುವುದನ್ನು ಗಮನಿಸಿದಿರಾ? 'ಕಲಿಯುವವರು ಕೊಯ್ಯುತ್ತಾರೆ' ಎಂಬ ಭಯದಿಂದ ಎರಡು ವರ್ಷ ತಡಮಾಡಿದರೆ, ಮೆದುವಾಗಿದ್ದ ಪೊರೆ ಗಟ್ಟಿಯಾಗಿ ಯಾರ ಕೈಗೂ ಕಷ್ಟವಾಗುತ್ತದೆ. ಯಾವ ಅಪಾಯಕ್ಕೆ ಹೆದರಿ ಮನೆಯಲ್ಲಿ ಕೂರುತ್ತೇವೆಯೋ ಆ ಅಪಾಯವನ್ನೇ ನಾವು ಕುಳಿತಲ್ಲಿ ಬೆಳೆಸುತ್ತಿರುತ್ತೇವೆ.

ನೀವು ಕೇಳಬೇಕಾದುದು

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಕನ್ನಡದಲ್ಲಿ ಓದಿಸಿಕೊಳ್ಳುವುದು ನಿಮ್ಮ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿಯೂ ತಿಳಿದು ಒಪ್ಪಿಗೆ ಕೊಡುವ ಹಕ್ಕನ್ನು ಹೇಳಿದೆ. ಶಸ್ತ್ರಚಿಕಿತ್ಸೆಯನ್ನು ಯಾರು ಮಾಡುವರು, ಕಿರಿಯರಾದರೆ ಪಕ್ಕದಲ್ಲಿ ಯಾವ ಹಿರಿಯರು ಇರುವರು, ನಮ್ಮ ತಾಯಿಯ ಕಣ್ಣು ಸುಲಭದ್ದೋ ಕಷ್ಟದ್ದೋ, ತೊಡಕಾದರೆ ಅದನ್ನು ಇಲ್ಲಿಯೇ ಸರಿಪಡಿಸುವರೋ ಬೇರೆಡೆಗೆ ಕಳುಹಿಸುವರೋ ಎಂದು ವಿನಯವಾಗಿ ಕೇಳಿರಿ. ಕೇಳಿದರೆ ಬೈದಾರು ಎಂಬ ಅಂಜಿಕೆ ನಮ್ಮ ಜನರಲ್ಲಿ ಬಹಳ ಇದೆ. ಒಬ್ಬಿಬ್ಬರು ಬೈಯುವವರೂ ಇದ್ದಾರೆ; ಅದು ನಮ್ಮ ವೃತ್ತಿಗೆ ಶೋಭೆ ತರುವಂಥದ್ದಲ್ಲ. ಉತ್ತರ ಸಮಾಧಾನ ತರದಿದ್ದರೆ ಹಿರಿಯರೇ ಮಾಡಲೆಂದು ಕೋರಬಹುದು. ಸ್ವಲ್ಪ ದಿನ ಕಾಯಬೇಕಾದೀತು, ಅಷ್ಟೇ.

ಸಾಮಾನ್ಯವಾದ, ಇನ್ನೂ ಬಲಿಯದ ಪೊರೆ, ಇನ್ನೊಂದು ಕಣ್ಣು ಕಾಣುತ್ತಿರುವವರು, ಪಕ್ಕದಲ್ಲಿ ಹಿರಿಯ ವೈದ್ಯರು. ಇಷ್ಟಿದ್ದರೆ ನನ್ನ ಸ್ವಂತ ತಾಯಿಯನ್ನು ಕಿರಿಯ ವೈದ್ಯರ ಕೈಗೆ ಒಪ್ಪಿಸಲು ನಾನು ಹಿಂಜರಿಯುವುದಿಲ್ಲ. ಹಿರಿಯರಿಲ್ಲದ ಕೊಠಡಿಗೆ ಕಳುಹಿಸುವುದಿಲ್ಲ. ಆ ದಿನ ಆ ರೈತರು ಕೇಳಿದ್ದಕ್ಕೆ ನನ್ನ ಉತ್ತರ ಇದು.

ಇನ್ನೊಂದು ಮಾತು ಗಂಡಂದಿರಿಗೆ. ನಮ್ಮ ಮನೆಗಳಲ್ಲಿ ಗಂಡಸರ ಕಣ್ಣಿಗೆ ಮೊದಲು ಚಿಕಿತ್ಸೆಯಾಗುತ್ತದೆ, ಹೆಂಗಸರ ಸರದಿ ಕೊನೆಗೆ. 'ಆಕೆಗೇನು, ಮನೆಯಲ್ಲೇ ಇರುತ್ತಾಳೆ' ಎನ್ನುತ್ತೇವೆ. ಒಲೆಯ ಮುಂದೆ, ಬಾವಿಯ ಕಟ್ಟೆಯ ಮೇಲೆ, ಕುದಿಯುವ ಗೂಡಿನ ತೊಟ್ಟಿಯ ಪಕ್ಕದಲ್ಲಿ ಮಂಜುಗಣ್ಣಿನಿಂದ ಕೆಲಸ ಮಾಡುವವರು ಅವರೇ. ಹೆಂಗಸರನ್ನು ಆಸ್ಪತ್ರೆಗೆ ಕರೆದೊಯ್ಯಲು ಜೊತೆಯವರಿಲ್ಲದಿರುವುದೇ ಎಷ್ಟೋ ಸಲ ಅಡ್ಡಿಯಾಗುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ನಾಲ್ಕಾರು ಮಂದಿಯನ್ನು ಒಟ್ಟಿಗೆ ಕರೆದೊಯ್ಯುವ ಏರ್ಪಾಡನ್ನು ಮಾಡಿಕೊಳ್ಳಬಹುದು.

ಶಸ್ತ್ರಚಿಕಿತ್ಸೆಯ ಅನಂತರ

ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಉಚಿತ. ಕಣ್ಣಿನ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಪ್ರಜ್ಞೆ ತಪ್ಪಿಸುವುದಿಲ್ಲ. ಕಿರಿಯರು ಮಾಡಿದರೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬಹುದು. ಹೊರಗೆ ಕಾಯುವ ನೀವು ಅದನ್ನು ಕೆಡುಕಿನ ಸೂಚನೆಯೆಂದು ತಿಳಿಯಬೇಡಿ.

ಮನೆಗೆ ಬಂದ ಮೇಲೆ ನಾಲ್ಕರಿಂದ ಆರು ವಾರ ಕಣ್ಣಿಗೆ ಹನಿ ಹಾಕಬೇಕು. ಹನಿ ಹಾಕುವವರು ಪ್ರತಿ ಸಲವೂ ಸಾಬೂನಿನಿಂದ ಕೈ ತೊಳೆಯಬೇಕು. ಸೀಸೆಯ ಮೂತಿ ರೆಪ್ಪೆಗೆ ತಗುಲಬಾರದು. ಕಣ್ಣನ್ನು ಉಜ್ಜಬಾರದು, ಸೆರಗಿನಿಂದ ಒರೆಸಬಾರದು, ಕೆರೆಯ ನೀರು ತಾಗಿಸಬಾರದು. ಎದೆಹಾಲನ್ನೋ ಸೊಪ್ಪಿನ ರಸವನ್ನೋ ಹಿಂಡುವ ವಾಡಿಕೆ ಕೆಲವು ಮನೆಗಳಲ್ಲಿ ಇನ್ನೂ ಇದೆ. ಹಾಗೆ ಮಾಡಿದರೆ ವೈದ್ಯರು ಉಳಿಸಿದ ಕಣ್ಣನ್ನು ನಾವು ಕಳೆದಂತೆ. ಮೊದಲ ವಾರಗಳಲ್ಲಿ ನೋವು ಕಡಿಮೆಯಾಗುವ ಬದಲು ಹೆಚ್ಚಾದರೆ, ಕಣ್ಣು ಇನ್ನಷ್ಟು ಕೆಂಪಾದರೆ, ಬಂದ ದೃಷ್ಟಿ ಮತ್ತೆ ಮಸುಕಾದರೆ, ಕೀವು ಕಂಡರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸೋಂಕಿನಲ್ಲಿ ಗಂಟೆಗಳ ಲೆಕ್ಕ ನಡೆಯುತ್ತದೆ, ದಿನಗಳ ಲೆಕ್ಕವಲ್ಲ.

ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಕರೆದಾಗ ತಪ್ಪದೆ ಹೋಗಿರಿ. ಕಲಿಯುವ ವೈದ್ಯರಿಗೆ ತಮ್ಮ ಕೈಯ ಫಲ ಏನಾಯಿತೆಂದು ತಿಳಿಯುವುದೂ ಆಗಲೇ. ವಿಶ್ವ ಆರೋಗ್ಯ ಸಂಸ್ಥೆಯು 1998ರಲ್ಲಿ ಹಾಕಿಕೊಟ್ಟ ಅಳತೆಯಂತೆ, ಶಸ್ತ್ರಚಿಕಿತ್ಸೆಯಾದ ನೂರರಲ್ಲಿ ಕನಿಷ್ಠ 80 ಮಂದಿ ಅಕ್ಷರಫಲಕದಲ್ಲಿ 6/18 ಅಥವಾ ಅದಕ್ಕಿಂತ ಚೆನ್ನಾಗಿ ಓದಬೇಕು; 6/60ರಷ್ಟೂ ಕಾಣದವರು 5ಕ್ಕಿಂತ ಕಡಿಮೆ ಇರಬೇಕು. ರೋಗಿಗಳು ತಿರುಗಿ ಬಾರದಿದ್ದರೆ ಈ ಲೆಕ್ಕವನ್ನು ಇಡುವವರು ಯಾರು? ತಿಂಗಳ ಮೇಲೆ ಕನ್ನಡಕದ ಪರೀಕ್ಷೆಯೂ ಆಗುತ್ತದೆ. ಎಷ್ಟೋ ಮಂದಿ 'ಆಪರೇಷನ್ ಕೆಟ್ಟಿತು' ಎಂದುಕೊಂಡಿರುವುದು ಬರಿಯ ಕನ್ನಡಕದ ಕೊರತೆಯಾಗಿರುತ್ತದೆ.

ಕೆಲವರಿಗೆ ಕೆಲವು ತಿಂಗಳು ಅಥವಾ ವರ್ಷಗಳ ಬಳಿಕ ಮತ್ತೆ ಮಂಜು ಕವಿಯುತ್ತದೆ. ಪೊರೆ ಮರಳಿ ಬಂತೆಂದು ಜನ ಹೇಳುತ್ತಾರೆ. ಬಂದದ್ದು ಪೊರೆಯಲ್ಲ, ಉಳಿದಿದ್ದ ಹಿಂಬದಿಯ ಪದರ ಮಬ್ಬಾಗಿರುತ್ತದೆ. ಇದು ಹಿರಿಯರು ಮಾಡಿದ ಕಣ್ಣಿಗೂ ಆಗುತ್ತದೆ, ಕಿರಿಯರು ಮಾಡಿದ ಕಣ್ಣಿಗೂ ಆಗುತ್ತದೆ. ಇದಕ್ಕೆ ಕೊಯ್ಯಬೇಕಾಗಿಲ್ಲ, ನಿಜವಾದ ಲೇಸರ್ ಬೆಳಕಿನಿಂದ ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತಾರೆ.

ಹೊರಡುವ ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿರಿ, ಎಣ್ಣೆ ಹಚ್ಚಬೇಡಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಕಾಯಿಲೆಗಳಿಗೆ ನುಂಗುವ ಮಾತ್ರೆಗಳನ್ನು ಚೀಟಿಯ ಸಮೇತ ಒಂದು ಚೀಲದಲ್ಲಿ ಹಾಕಿಕೊಳ್ಳಿರಿ. ಹಿಂದೆ ಕಣ್ಣಿಗೆ ಪೆಟ್ಟು ಬಿದ್ದಿದ್ದರೆ, ಒಂದೇ ಕಣ್ಣು ಕಾಣುತ್ತಿದ್ದರೆ, ಅದನ್ನು ನಿಮ್ಮ ವೈದ್ಯಾಧಿಕಾರಿಯಿಂದ ಚೀಟಿಯ ಮೇಲ್ಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡೇ ಬಸ್ಸು ಹತ್ತಿರಿ.